ಒಂದು ಚೀಟಿ, ನಾಲ್ಕು ಕಾಯಿಲೆ
ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಬಗ್ಗೆ ಜನರಿಗೆ ತೃಪ್ತಿಯಿದೆಯೇ ಎಂದು ಕೇಳುವ ಮೊದಲು, ಅವುಗಳನ್ನು ಕಟ್ಟಿದ್ದು ಯಾವ ರೋಗಿಗಾಗಿ ಎಂದು ಕೇಳಬೇಕು. 1946ರ ಭೋರ್ ಸಮಿತಿ ಈ ಕೇಂದ್ರಗಳನ್ನು ಕಲ್ಪಿಸಿದಾಗ ಎದುರಿಗಿದ್ದದ್ದು ಮಲೇರಿಯಾ, ಕಾಲರಾ, ಸಿಡುಬು, ಬಾಣಂತಿಯರ ಸಾವು. ಅಂಥ ರೋಗಿ ಒಂದೋ ಗುಣವಾಗುತ್ತಿದ್ದ, ಇಲ್ಲವೇ ಸಾಯುತ್ತಿದ್ದ. ಎರಡರಲ್ಲೂ ಚೀಟಿಯ ಕೆಲಸ ಮುಗಿಯುತ್ತಿತ್ತು. ಸಕ್ಕರೆ ಕಾಯಿಲೆ, ಬಿಪಿ, ಕೀಲುನೋವು ಒಟ್ಟಿಗೇ ಹೊತ್ತು ಇಪ್ಪತ್ತು ವರ್ಷ ಬದುಕುವ ರೋಗಿ ಆ ಲೆಕ್ಕದಲ್ಲಿರಲಿಲ್ಲ. ಸಕ್ಕರೆ, ಹೃದ್ರೋಗ, ಕ್ಯಾನ್ಸರ್‌ಗಳಿಗೆ ಒಟ್ಟಾಗಿ ಒಂದು ರಾಷ್ಟ್ರೀಯ ಕಾರ್ಯಕ್ರಮ ಬಂದದ್ದೇ 2010ರಲ್ಲಿ.

ಇಲ್ಲಿ ಇನ್ನೊಂದು ತೊಡಕಿದೆ. ಮಳೆ ಕಡಿಮೆಯ ಈ ಭಾಗದಲ್ಲಿ ಜನ ಕೊಳವೆಬಾವಿಗೆ ಮೊರೆಹೋದರು. ಹಲವೆಡೆ ಆ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಅದು ಮೂಳೆಗೆ ಕೂರುತ್ತದೆ. ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವವರು ದಿನವಿಡೀ ಮಗ್ಗದ ಮುಂದೆ ಕೂರುವವರು. ಹೀಗೆ ಮಂಡಿ ಹಿಡಿದವರು ನುಂಗುವ ನೋವಿನ ಮಾತ್ರೆ ಬಿಪಿ ಏರಿಸಬಹುದು, ಮೂತ್ರಪಿಂಡಕ್ಕೂ ಪೆಟ್ಟು ಕೊಡಬಹುದು. ಇದನ್ನೆಲ್ಲ ಒಟ್ಟಿಗೆ ನೋಡುವ ಒಬ್ಬರು ಬೇಕು, ಆದರೆ ಕಾರ್ಯಕ್ರಮಗಳು ಬೇರೆ ಬೇರೆ ಕಾಯಿಲೆಗಳಿಗೆ ಹಂಚಿಹೋಗಿವೆ.

ಕೇಳಿದರೆ ಜನ ಚೆನ್ನಾಗಿದೆ ಎನ್ನುತ್ತಾರಲ್ಲ ಎಂಬ ಆಕ್ಷೇಪ ಹಗುರವಾದದ್ದಲ್ಲ. ಉಚಿತ ಮಾತ್ರೆಗೆ, ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಸಲ್ಲುವ ಮೆಚ್ಚುಗೆ ನಿಜವೇ. ಆದರೆ ಚಿತ್ರದುರ್ಗದ್ದೋ ಬಳ್ಳಾರಿಯದೋ ದೊಡ್ಡಾಸ್ಪತ್ರೆಗೆ ಹೋದರೆ ಕೂಲಿ ತಪ್ಪುವವರ ತೃಪ್ತಿಯಲ್ಲಿ ಬೇರೆ ದಾರಿಯಿಲ್ಲದಿರುವಿಕೆಯೂ ಬೆರೆತಿರುತ್ತದೆ. ವೈದ್ಯರ ನಡತೆಯನ್ನಷ್ಟೇ ವಿಚಾರಿಸುವ ಸಮೀಕ್ಷೆಗೆ ಇದು ಸಿಗದು. ಹೋದ ತಿಂಗಳ ಮಾತ್ರೆ ಈ ತಿಂಗಳೂ ಸಿಕ್ಕಿತೇ, ನಿಮ್ಮ ಎಲ್ಲ ಮಾತ್ರೆಗಳನ್ನೂ ಒಬ್ಬರೇ ನೋಡಿದರೇ ಎಂದು ಕೇಳಿದರೆ ಬೇರೆ ಉತ್ತರ ಬಂದೀತು.