ಹುಲಿಯ ಬಾಯಿಂದ ಬಿಡಿಸಲು ಹೋದವನು

ಕಾನೂನಿನ ಪುಸ್ತಕದಲ್ಲಿ ಹುಲಿ ಬರುತ್ತದೆಂದರೆ ಕೇಳುಗರಲ್ಲಿ ಕೆಲವರು ನಕ್ಕಾರು. ಆದರೆ 1860ರ ಭಾರತೀಯ ದಂಡ ಸಂಹಿತೆಯ 92ನೆಯ ಕಲಮಿನ ದೃಷ್ಟಾಂತಗಳಲ್ಲಿ ಅದು ನಿಜವಾಗಿಯೂ ಬರುತ್ತದೆ. ಒಬ್ಬನನ್ನು ಹುಲಿ ಹೊತ್ತೊಯ್ಯುತ್ತಿದೆ. ಇನ್ನೊಬ್ಬನು, ಗುಂಡು ಆ ಮನುಷ್ಯನಿಗೇ ತಗುಲೀತೆಂದು ಬಲ್ಲವನಾದರೂ, ಅವನನ್ನು ಉಳಿಸುವ ಸದ್ಭಾವದಿಂದ ಹುಲಿಗೆ ಗುಂಡು ಹಾರಿಸುತ್ತಾನೆ. ಆ ಗುಂಡೇ ಪ್ರಾಣಾಂತಕವಾದರೂ ಹಾರಿಸಿದವನು ಅಪರಾಧಿಯಲ್ಲ. ಕುದುರೆಯಿಂದ ಬಿದ್ದು ಪ್ರಜ್ಞೆ ತಪ್ಪಿದವನ ತಲೆಬುರುಡೆಯನ್ನು, ಅವನ ಒಪ್ಪಿಗೆಗಾಗಿ ಕಾಯದೆ, ಕೊರೆದು ಚಿಕಿತ್ಸೆ ಮಾಡಿದ ಶಸ್ತ್ರವೈದ್ಯನೂ ಅಪರಾಧಿಯಲ್ಲ. 2024ರ ಜುಲೈ 1ರಿಂದ ಆ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಈ ತತ್ತ್ವ ಅಲ್ಲಿ 30ನೆಯ ಕಲಮಾಗಿ ಉಳಿದುಕೊಂಡಿದೆ.

ಹೀಗೆ ಒಂದೂವರೆ ಶತಮಾನದ ಅಭಯವಿದ್ದೂ ನಮ್ಮ ಹೆದ್ದಾರಿಗಳಲ್ಲಿ ಗಾಯಾಳುವಿನ ಸುತ್ತ ಜನ ಕೈಕಟ್ಟಿ ನಿಂತದ್ದೇಕೆ? ಕರುಣೆ ಬತ್ತಿದ್ದರಿಂದ ಎಂದು ನಾನು ನಂಬಲಾರೆ. ಜನ ಅಂಜಿದ್ದು ಸೆರೆಮನೆಗಲ್ಲ. ಠಾಣೆಯ ಬೆಂಚಿಗೆ, ಪಂಚನಾಮೆಯ ಸಹಿಗೆ, ವರ್ಷಗಟ್ಟಲೆ ಸಾಕ್ಷಿ ಹೇಳಲು ಅಲೆಯುವುದಕ್ಕೆ, ಮುಂಗಡ ಕಟ್ಟುವವರಾರೆಂಬ ಆಸ್ಪತ್ರೆಯ ಪ್ರಶ್ನೆಗೆ. ‘ನೀನೇ ಗುದ್ದಿದೆಯೋ?’ ಎಂಬ ನೋಟವೊಂದು ಬೇರೆ. ಇಲ್ಲದ ಉಸಾಬರಿ ಯಾರಿಗೆ ಬೇಕು!

ಈ ಅಂಜಿಕೆ ವೈದ್ಯರನ್ನೂ ಬಿಟ್ಟಿರಲಿಲ್ಲ. ಕಾರು ಗುದ್ದಿದ ಸ್ಕೂಟರ್ ಸವಾರನೊಬ್ಬನನ್ನು ಹತ್ತಿರದ ಆಸ್ಪತ್ರೆಗೆ ಒಯ್ದಾಗ, ಇದು ಪೊಲೀಸ್ ಮೊಕದ್ದಮೆಯ ವಿಷಯ, ಇಂಥವನ್ನು ನೋಡುವ ಆಸ್ಪತ್ರೆ 20 ಕಿಲೋಮೀಟರ್ ಆಚೆಗಿದೆ ಎಂದು ಕಳುಹಿಸಿಬಿಟ್ಟರು. ಆತ ದಾರಿಯಲ್ಲೇ ತೀರಿಕೊಂಡ. ಆ ವರದಿಯನ್ನು ಓದಿದ ಪರಮಾನಂದ ಕಟಾರಾ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಜೀವ ಉಳಿಸುವುದು ಮೊದಲು, ವಿಧಿವಿಧಾನಗಳೆಲ್ಲ ಆಮೇಲೆ ಎಂಬುದು 1989ರ ತೀರ್ಪಿನ ಸಾರ. ಸರ್ಕಾರಿಯಾಗಲಿ ಖಾಸಗಿಯಾಗಲಿ, ವೈದ್ಯನಾದವನು ಇದಕ್ಕೆ ಬದ್ಧ.

ದಾರಿಹೋಕನ ಸರದಿ ಬರಲು ಇನ್ನೂ ಕಾಲ ಹಿಡಿಯಿತು. ಸೇವ್‌ಲೈಫ್ ಫೌಂಡೇಶನ್ 2012ರಲ್ಲಿ ಹೂಡಿದ ಅರ್ಜಿಯ ಫಲವಾಗಿ 2015ರ ಮೇ ತಿಂಗಳಲ್ಲಿ ಕೇಂದ್ರವು ಮಾರ್ಗಸೂಚಿ ಹೊರಡಿಸಿತು. 2016ರ ಮಾರ್ಚ್ 30ರಂದು ನ್ಯಾಯಾಲಯ ಅದಕ್ಕೆ ಕಾನೂನಿನ ಬಲವನ್ನೇ ಕೊಟ್ಟಿತು. ಗಾಯಾಳುವನ್ನು ತಂದವನು ಆಸ್ಪತ್ರೆಯಿಂದ ಒಡನೆಯೇ ಹೊರಡಬಹುದು. ವಿಳಾಸ ಕೊಡಬೇಕಾದವನು ಪ್ರತ್ಯಕ್ಷದರ್ಶಿ ಮಾತ್ರ.

ಆ ವರ್ಷದ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ನಡೆದುದು ಕನ್ನಡಿಗರಿಗೆ ಮರೆಯುವಂಥದ್ದಲ್ಲ. ಲಾರಿಗೆ ಸಿಕ್ಕು ದೇಹ ಎರಡು ತುಂಡಾದ ತರುಣನೊಬ್ಬ ಕೊನೆಯುಸಿರಿನಲ್ಲೂ ತನ್ನ ಅಂಗಗಳನ್ನು ದಾನ ಮಾಡುವಂತೆ ಕೇಳಿಕೊಂಡ. ಸುತ್ತ ನಿಂತವರಲ್ಲಿ ಕೆಲವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಮರುತಿಂಗಳೇ ರಾಜ್ಯವು ಅವನ ಹೆಸರಿನಲ್ಲಿ, ಅಪಘಾತದ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿಗಳವರೆಗೆ ಭರಿಸುವ ಯೋಜನೆ ತಂದಿತು. ನೆರವಾದವರ ರಕ್ಷಣೆಗೆಂದು 2016ರಲ್ಲಿ ರೂಪಿಸಿದ ಕರ್ನಾಟಕದ ಕಾಯಿದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಇಂಥ ಕಾಯಿದೆ ಮಾಡಿದ ರಾಜ್ಯಗಳಲ್ಲಿ ನಮ್ಮದೇ ಮೊದಲನೆಯದು.

2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿದ 134ಎ ಕಲಮು ಇನ್ನೊಂದು ಹೆಜ್ಜೆ ಮುಂದಿಟ್ಟಿತು: ಪ್ರತಿಫಲ ಬಯಸದೆ ಸದ್ಭಾವದಿಂದ ನೆರವಾಗುವಾಗ ಅಜಾಗರೂಕತೆಯಿಂದ ಹಾನಿಯಾದರೂ ಸಿವಿಲ್ ದಾವೆಯಿಲ್ಲ, ಕ್ರಿಮಿನಲ್ ಮೊಕದ್ದಮೆಯಿಲ್ಲ. ಇಂಗ್ಲಿಷಿನ ಶಾಸನ ಇವನಿಗಿಟ್ಟ ಹೆಸರು ಬೈಬಲ್ಲಿನ ಕಥೆಯದು. ಕನ್ನಡ ಬೈಬಲ್ಲಿನಲ್ಲಿ ಅವನು ಸಮಾರ್ಯದವನು. ನಮ್ಮ ಹಳ್ಳಿಯ ಕಿವಿಗೆ ಎಟುಕುವ ಒಂದು ಹೆಸರು ಇನ್ನೂ ಹುಟ್ಟಬೇಕಾಗಿದೆ. ಏಕೆಂದರೆ 2020ರ ನಿಯಮಗಳ ಪ್ರಕಾರ ಈ ಹಕ್ಕುಗಳ ಫಲಕವನ್ನು ಪ್ರತಿ ಆಸ್ಪತ್ರೆಯೂ, ಹಿಂದಿ ಇಂಗ್ಲಿಷುಗಳ ಜೊತೆಗೆ ಆ ನಾಡಿನ ನುಡಿಯಲ್ಲಿಯೂ ಬರೆಸಿ, ಬಾಗಿಲಲ್ಲಿ ಕಾಣುವಂತೆ ತೂಗುಹಾಕಬೇಕು.