ಅಲುಗುವ ಬೀಗ: ಪ್ರೋಟೀನಿನ ಚಲನೆಯನ್ನು ಕಂಡ ಕಥೆ



ಎಂ.ಆರ್.ಐ. ಯಂತ್ರದ ಸುರಂಗದಲ್ಲಿ ಮಲಗಿ ಅದರ ಬಡಿತದ ಸದ್ದನ್ನು ಕೇಳಿದವರು ಈ ಸಭೆಯಲ್ಲಿ ಹಲವರಿರಬಹುದು. ಅದೇ ತತ್ತ್ವವನ್ನು ಗಾಜಿನ ಕೊಳವೆಯಲ್ಲಿರುವ ಪ್ರೋಟೀನಿಗೆ ಅನ್ವಯಿಸಿದಾಗ ವಿಜ್ಞಾನಿಗಳಿಗೆ ಕಂಡದ್ದೇನು ಎಂಬುದೇ ಇಂದಿನ ವಿಷಯ.

ನಾವು ಎಂ.ಬಿ.ಬಿ.ಎಸ್. ಓದುವಾಗ ಕಿಣ್ವಗಳ ಕಾರ್ಯವನ್ನು ಬೀಗ ಮತ್ತು ಬೀಗದ ಕೈಗಳ ಹೋಲಿಕೆಯಿಂದ ಕಲಿತೆವು. ಅದು 1894ರಲ್ಲಿ ಜರ್ಮನಿಯ ಎಮಿಲ್ ಫಿಷರ್ ನೀಡಿದ ಹೋಲಿಕೆ. ಬೀಗವು ಗಟ್ಟಿ ವಸ್ತು; ಪ್ರೋಟೀನೂ ಹಾಗೆಯೇ ಎಂದು ನಂಬಿದೆವು, ಪರೀಕ್ಷೆಯಲ್ಲಿ ಹಾಗೆಯೇ ಬರೆದೆವು.

ಈ ನಂಬಿಕೆಗೆ ಬಲ ತಂದದ್ದು ಕ್ಷ-ಕಿರಣಗಳು. ಸ್ನಾಯುಗಳಲ್ಲಿ ಆಮ್ಲಜನಕವನ್ನು ಹಿಡಿದಿಡುವ ಮಯೋಗ್ಲೋಬಿನ್ನಿನ ಹರಳುಗಳನ್ನು ಪರೀಕ್ಷಿಸಿ, ಕೇಂಬ್ರಿಜ್ಜಿನ ಜಾನ್ ಕೆಂಡ್ರೂ ಅದರ ರಚನೆಯನ್ನು 1958ರಲ್ಲಿ ಸ್ಥೂಲವಾಗಿಯೂ 1960ರಲ್ಲಿ ಸೂಕ್ಷ್ಮವಾಗಿಯೂ ಪ್ರಕಟಿಸಿದರು. ಆದರೆ ಆ ಚಿತ್ರದಲ್ಲೊಂದು ಒಗಟಿತ್ತು. ಆಮ್ಲಜನಕವು ನೆಲೆಸುವ ಸ್ಥಳ ಒಳಗಿದೆ; ಅಲ್ಲಿಗೆ ಹೋಗಲು ಸಾಕಷ್ಟು ಅಗಲವಾದ ದಾರಿಯಿಲ್ಲ. ಬಾಗಿಲಿಲ್ಲದ ಮನೆಗೆ ಅತಿಥಿ ಬಂದು ಹೋಗುತ್ತಿದ್ದರೆ, ಗೋಡೆಯೇ ಆಗಾಗ ಸರಿಯುತ್ತಿರಬೇಕಲ್ಲವೆ?

ಅದನ್ನು ಕಾಣುವ ಸಾಧನದ ಬೀಜ 1946ರಲ್ಲೇ ಬಿದ್ದಿತ್ತು. ಅಮೆರಿಕದಲ್ಲಿ ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ನೇತೃತ್ವದ ಎರಡು ತಂಡಗಳು ಪ್ರತ್ಯೇಕವಾಗಿ ಕಾಂತೀಯ ಅನುರಣನವನ್ನು ಗುರುತಿಸಿದವು. ಬಲವಾದ ಕಾಂತಕ್ಷೇತ್ರದಲ್ಲಿರುವ ಜಲಜನಕದ ಪರಮಾಣು ಬೀಜವು ತಕ್ಕ ರೇಡಿಯೋ ತರಂಗಕ್ಕೆ ಓಗೊಡುತ್ತದೆ. ನೆರೆಹೊರೆ ಬೇರೆಯಾದರೆ ಅದರ ಸ್ವರವೂ ತುಸು ಬೇರೆಯಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು ಹರಿಯುವ ದ್ರವಗಳಲ್ಲಿ ಈ ಅನುರಣನವನ್ನು ಅಭ್ಯಸಿಸಿ 1951ರಲ್ಲೇ ಪ್ರಕಟಿಸಿದ್ದು ನಮಗೆ ಹೆಮ್ಮೆಯ ಸಂಗತಿ.

ನಿರ್ಣಾಯಕ ಪ್ರಯೋಗ ನಡೆದದ್ದು 1975ರ ಸುಮಾರಿಗೆ, ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ. ಕುರ್ಟ್ ವ್ಯೂಟ್ರಿಖ್ ಮತ್ತು ಗೆರ್‌ಹಾರ್ಡ್ ವಾಗ್ನರ್ ಹಸುವಿನ ಮೇದೋಜೀರಕ ಗ್ರಂಥಿಯಿಂದ ಪಡೆದ, 58 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನೊಂದನ್ನು ಆರಿಸಿಕೊಂಡರು. ಅದರ ಒಡಲಲ್ಲಿ ಚಪ್ಪಟೆಯಾದ ಉಂಗುರಗಳಿವೆ. ಹರಳಿನ ಚಿತ್ರದಲ್ಲಿ ಅವು ಇಟ್ಟಿಗೆಗಳಂತೆ ಬಿಗಿಯಾಗಿ ಜೋಡಿಸಲ್ಪಟ್ಟಿದ್ದವು. ಉಂಗುರವೊಂದರ ಎರಡು ಮಗ್ಗುಲುಗಳ ನೆರೆಹೊರೆ ಬೇರೆಯಾದ್ದರಿಂದ ಎರಡು ಸ್ವರಗಳು ಕೇಳಬೇಕು. ಕೆಲವು ಉಂಗುರಗಳು ತಂಪಿನಲ್ಲಿ ಎರಡು ಸ್ವರಗಳನ್ನೇ ಕೊಟ್ಟವು. ಬಿಸಿ ಮಾಡಿದಂತೆ ಅವೆರಡೂ ಬೆರೆತು ಒಂದಾದವು. ಅರ್ಥ ಸ್ಪಷ್ಟವಾಗಿತ್ತು: ಉಂಗುರವು ಮಗ್ಗುಲು ಮಗುಚುತ್ತಿದೆ. ಅಷ್ಟು ಇಕ್ಕಟ್ಟಿನಲ್ಲಿ ಅದು ಮಗುಚಬೇಕಾದರೆ ಸುತ್ತಲಿನ ಅಣುಭಾಗಗಳೆಲ್ಲ ಕ್ಷಣಕಾಲ ಸರಿದು ಎಡೆಗೊಡಬೇಕು. ಅಂದರೆ ಇಡೀ ಪ್ರೋಟೀನು ಉಸಿರಾಡುವಂತೆ ಹಿಗ್ಗಿ ಕುಗ್ಗುತ್ತಿದೆ!

1980ರಲ್ಲಿ ಅನಿಲ್ ಕುಮಾರ್, ರಿಚರ್ಡ್ ಅರ್ನ್ಸ್ಟ್ ಮತ್ತು ವ್ಯೂಟ್ರಿಖ್ ಯಾವ ಜಲಜನಕಕ್ಕೆ ಯಾವುದು ಸಮೀಪವೆಂದು ತೋರುವ ಎರಡು ಆಯಾಮಗಳ ವಿಧಾನವನ್ನು ಪ್ರಕಟಿಸಿದರು. ಅನಿಲ್ ಕುಮಾರ್ ಬೆಂಗಳೂರಿನ ಅದೇ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದವರು. ಹರಳಿನ ಹಂಗಿಲ್ಲದೆ ಪ್ರೋಟೀನಿನ ರಚನೆಯನ್ನು ತಿಳಿಯುವ ಹಾದಿ ಇದರಿಂದ ತೆರೆಯಿತು. ಅರ್ನ್ಸ್ಟ್ ಅವರಿಗೆ 1991ರಲ್ಲಿ, ವ್ಯೂಟ್ರಿಖ್ ಅವರಿಗೆ 2002ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಇಂದು ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗದಷ್ಟು ಶೀಘ್ರವಾದ ಕಂಪನದ ಸುಳಿವನ್ನೂ ಈ ವಿದ್ಯೆ ಹಿಡಿಯಬಲ್ಲುದು.

ಇದರಿಂದ ರೋಗಿಗೇನು ಪ್ರಯೋಜನ? ರಕ್ತದ ಒಂದು ಬಗೆಯ ಕ್ಯಾನ್ಸರಿಗೆ 2001ರಲ್ಲಿ ಅಮೆರಿಕದಲ್ಲಿ ಮಂಜೂರಾದ ಇಮಾಟಿನಿಬ್ ಮಾತ್ರೆಯನ್ನೇ ನೋಡೋಣ. ಅದು ಏಬಲ್ ಎಂಬ ಪ್ರೋಟೀನಿಗೆ ಬಿಗಿಯಾಗಿ ಅಂಟುತ್ತದೆ. ಅದರ ದಾಯಾದಿಯಾದ ಸಾರ್ಕ್‌ಗೆ ಬಹು ಸಡಿಲವಾಗಿ. ಹರಳಿನ ಚಿತ್ರದಲ್ಲಿ ಮದ್ದು ಕೂರುವ ಜಾಗ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಮದ್ದು ಬಂದು ಕುಳಿತ ಮೇಲೆ ಪ್ರೋಟೀನು ಹೊರಳಿ ಅದನ್ನು ಅಪ್ಪಿಕೊಳ್ಳುವ ಬಗೆಯಲ್ಲಿ ವ್ಯತ್ಯಾಸವಿದೆಯೆಂದು 2014ರಲ್ಲಿ ಡೊರೊಥೀ ಕೆರ್ನ್ ಅವರ ತಂಡ ತೋರಿಸಿತು. ಚಿತ್ರ ಹೇಳದ ಉತ್ತರವನ್ನು ಚಲನೆ ಹೇಳಿತು.

ಯಕ್ಷಗಾನದ ಛಾಯಾಚಿತ್ರದಲ್ಲಿ ವೇಷ ಕಾಣುತ್ತದೆ, ಕುಣಿತ ಕಾಣದು. ಶಾಲೆಯ ಪುಸ್ತಕದಲ್ಲಿ ಪ್ರೋಟೀನಿನ ಚಿತ್ರವನ್ನು ನೋಡುವ ನಮ್ಮ ಮಕ್ಕಳಿಗೆ ಈ ಮಾತನ್ನು ಹೇಳೋಣ. ಅಂದು ಪರೀಕ್ಷೆಯಲ್ಲಿ ಬರೆದ ಉತ್ತರಕ್ಕೆ ನಾವೂ ಒಂದು ಸಾಲನ್ನು ಸೇರಿಸಬೇಕಾಗಿದೆ: ಬೀಗವೂ ಅಲುಗುತ್ತದೆ.