ಸ್ತ್ರೀಯರು ಕಟ್ಟಿದ ವ್ಯಾಯಾಮವಿದ್ಯೆ

ಇಂದು ಬ್ರಿಟನ್ನಿನ ವಿಶ್ವವಿದ್ಯಾನಿಲಯಗಳ ಕ್ರೀಡಾವಿಜ್ಞಾನದ ತರಗತಿಗಳಲ್ಲಿ ತರುಣರೇ ಬಹುಸಂಖ್ಯಾತರಾಗಿರುವುದನ್ನು ನೋಡಿ, ಈ ವಿದ್ಯೆ ಸ್ವಭಾವತಃ ಪುರುಷರದೆಂದು ತೀರ್ಮಾನಿಸುವವರು, ಆ ದೇಶದಲ್ಲಿ ಇದಕ್ಕೆ ಅಸ್ತಿಭಾರವನ್ನಿಟ್ಟವರು ಯಾರೆಂಬುದನ್ನು ವಿಚಾರಿಸಿದವರಲ್ಲ.

ಸ್ಟಾಕ್‌ಹೋಮಿನ ವ್ಯಾಯಾಮ ವಿದ್ಯಾಲಯದಲ್ಲಿ ಸ್ವೀಡನ್ನಿನ ಲಿಂಗ್ ಮಹಾಶಯನ ವ್ಯಾಯಾಮಪದ್ಧತಿಯನ್ನು ಕಲಿತು 1881ರಲ್ಲಿ ಲಂಡನ್ನಿಗೆ ಬಂದ ಮಾರ್ಟಿನಾ ಬರ್ಗ್‌ಮನ್-ಓಸ್ಟರ್‌ಬರ್ಗ್ ಅವರು, ಅಲ್ಲಿಯ ಶಾಲಾಮಂಡಲಿಯಲ್ಲಿ ಅಂಗಸಾಧನೆಯ ಮೇಲ್ವಿಚಾರಕಿಯಾಗಿದ್ದಾಗಲೇ, 1885ರಲ್ಲಿ ಹ್ಯಾಂಪ್‌ಸ್ಟೆಡ್ಡಿನಲ್ಲಿ ತಮ್ಮದೇ ಒಂದು ಕಾಲೇಜನ್ನು ತೆರೆದು, 1895ರಲ್ಲಿ ಅದನ್ನು ಕೆಂಟಿನ ಡಾರ್ಟ್‌ಫರ್ಡಿಗೆ ಸಾಗಿಸಿದರು. ಸೊಂಟವನ್ನು ಬಿಗಿಯುವ ಕಾರ್ಸೆಟ್ಟೇ ಕುಲೀನತೆಯ ಲಕ್ಷಣವೆನಿಸಿದ್ದ ಆ ಕಾಲದಲ್ಲಿ, ಅದನ್ನು ಕಳಚಿ ಸಡಿಲವಾದ ಗಿಡ್ಡ ನಿಲುವಂಗಿಯನ್ನು ತೊಟ್ಟ ಕನ್ಯೆಯರು ಅಲ್ಲಿ ಅಂಗರಚನೆ, ಶರೀರಕ್ರಿಯೆ, ಆರೋಗ್ಯಶಾಸ್ತ್ರಗಳನ್ನು ಅಭ್ಯಸಿಸಿ, ಅಂಗಮರ್ದನವನ್ನು ಕಲಿತು, ಹಾಕಿ ಕ್ರಿಕೆಟ್ಟುಗಳನ್ನಾಡಿ, ವ್ಯಾಯಾಮದ ಉಪಾಧ್ಯಾಯಿನಿಯೆಂಬ ಗೌರವದ ಸಂಬಳವುಳ್ಳ ಒಂದು ವೃತ್ತಿಗೆ ಅಧಿಕಾರಿಣಿಯರಾಗಿ ಹೊರಬಂದರೆಂಬುದು ಸ್ತ್ರೀಸ್ವಾತಂತ್ರ್ಯದ ಚರಿತ್ರೆಯಲ್ಲಿ ಅಲ್ಪಸಂಗತಿಯೇನೂ ಅಲ್ಲ. ಆಕೆಯ ಶಿಷ್ಯೆಯರಾದ ರೋಡಾ ಆನ್‌ಸ್ಟಿ 1897ರಲ್ಲಿಯೂ ಮಾರ್ಗರೆಟ್ ಸ್ಟಾನ್ಸ್‌ಫೆಲ್ಡ್ 1903ರಲ್ಲಿ ಬೆಡ್‌ಫರ್ಡಿನಲ್ಲಿಯೂ ಸ್ವಂತ ವಿದ್ಯಾಲಯಗಳನ್ನು ಸ್ಥಾಪಿಸಿ, ಗುರುಪರಂಪರೆಯೊಂದನ್ನೇ ಬೆಳೆಸಿದರು.

ಪುರುಷರಿಗೆ ಇಂಥ ಶಿಕ್ಷಣದ ಅಗತ್ಯವೇ ತೋರಿರಲಿಲ್ಲ. ಬಡವರ ಶಾಲೆಗಳಲ್ಲಿ ಸೈನ್ಯದಿಂದ ನಿವೃತ್ತರಾದ ಸಾರ್ಜೆಂಟರು ಕವಾಯತು ಮಾಡಿಸುತ್ತಿದ್ದರು. ಶ್ರೀಮಂತರ ಶಾಲೆಗಳಲ್ಲಿ, ಆಕ್ಸ್‌ಫರ್ಡ್ ಕೇಂಬ್ರಿಡ್ಜುಗಳ ಮೈದಾನದಲ್ಲಿ ಹೆಸರು ಗಳಿಸಿದ್ದರೆ ಆಟ ಕಲಿಸಲು ಅದೇ ಸಾಕಷ್ಟು ಯೋಗ್ಯತೆಯಾಗಿತ್ತು. ಲೀಡ್ಸಿನಲ್ಲಿ ಕಾರ್ನೆಗಿ ಕಾಲೇಜು ಪುರುಷರಿಗಾಗಿ ತೆರೆದದ್ದು 1933ರಲ್ಲಿ, ಅಂದರೆ ಓಸ್ಟರ್‌ಬರ್ಗರ ಕಾಲೇಜು ಹುಟ್ಟಿ 48 ವರ್ಷಗಳ ತರುವಾಯ.

1946ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯವು ವ್ಯಾಯಾಮಶಿಕ್ಷಣವನ್ನು ಪದವಿಯ ವಿಷಯವಾಗಿ ಅಂಗೀಕರಿಸಿತು. ಆ ಮನ್ನಣೆ ನ್ಯಾಯವಾದುದೇ. ಆದರೆ 1970ರ ದಶಕದಲ್ಲಿ, ಜನನಗಳು ಇಳಿಮುಖವಾಗಿ ಉಪಾಧ್ಯಾಯರ ಬೇಡಿಕೆ ತಗ್ಗಿ, ಸರ್ಕಾರವು ಶಿಕ್ಷಕರ ಕಾಲೇಜುಗಳನ್ನು ಮುಚ್ಚಲೂ ಕೂಡಿಸಲೂ ತೊಡಗಿದಾಗ, ಸ್ತ್ರೀಯರೇ ಆಳಿಕೊಂಡು ಬಂದಿದ್ದ ಸಂಸ್ಥೆಗಳು ದೊಡ್ಡ ಸಂಸ್ಥೆಗಳಲ್ಲಿ ವಿಲೀನಗೊಂಡವು. ಡಾರ್ಟ್‌ಫರ್ಡ್ ಕಾಲೇಜು 1976ರಲ್ಲಿ ಥೇಮ್ಸ್ ಪಾಲಿಟೆಕ್ನಿಕ್ಕಿನಲ್ಲಿ ಸೇರಿಹೋಯಿತು. ಸ್ತ್ರೀಪುರುಷರಿಬ್ಬರಿಗೂ ಸಮಾನವೆಂದು ಏರ್ಪಟ್ಟ ಹೊಸ ವಿಭಾಗಗಳಲ್ಲಿ ಮುಖ್ಯಸ್ಥಾನಗಳು ಬಹುಮಟ್ಟಿಗೆ ಪುರುಷರ ಪಾಲಾದವು. ಪಾಠಕ್ರಮವೂ ಶಾಲೆಯ ಮಗುವಿನ ದೇಹಪೋಷಣೆಯಿಂದ ದೂರ ಸರಿದು, ಸ್ಪರ್ಧಾಳುವಿನ ವೇಗವನ್ನೂ ಬಲವನ್ನೂ ಅಳೆಯುವ ಪ್ರಯೋಗಶಾಲೆಯತ್ತ ಹೊರಳಿತು. ಉಪಾಧ್ಯಾಯಿನಿಯಾಗುವ ನಿಶ್ಚಿತ ಹಾದಿಯನ್ನು ನೆಚ್ಚಿ ಬರುತ್ತಿದ್ದ ಹೆಣ್ಣುಮಕ್ಕಳಿಗೆ ಆ ಹಾದಿಯೇ ಕಿರಿದಾದಾಗ, ತೆರವಾದ ಸ್ಥಳಗಳನ್ನು ತುಂಬಿದವರು ಫುಟ್‌ಬಾಲ್ ಮೈದಾನದಿಂದ ಬಂದ ತರುಣರು.